ಒಂಟಿ ಮನೆಗಳ ನಕಾಶೆ

ಸುದ್ದಿ ಬಂದಾಗ ಅಕ್ಕ ಚೀಲ ಹೊಲಿಯುತ್ತಿದ್ದಳು. ಹಳೆಯ ಕಿಟಕಿ ಪರದೆಯೊಂದನ್ನು ಕತ್ತರಿಸಿ, ಎರಡು ಅಂಗೈ ಅಗಲದ ಪುಟ್ಟ ಚೀಲಗಳನ್ನು ಮಾಡಿ, ಬಾಯಿಗೆ ದಾರ ಪೋಣಿಸಿ, ಒಂದರ ಮೇಲೊಂದು ಜೋಡಿಸಿಡುತ್ತಿದ್ದಳು. ತಮ್ಮನಿಗೆ ಅಂಗಡಿಯ ಚೀಲ ಆಗಿಬರುತ್ತಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಬೋಕಿ ಬೆವರುತ್ತದೆ ಎನ್ನುತ್ತಿದ್ದ. ಬೋಕಿ ಎಂದರೆ ಒಡೆದ ಮಡಕೆಯ ಚೂರು. ಯಾವುದೋ ಕಾಲದಲ್ಲಿ ಯಾರದೋ ಕೈಜಾರಿ ಬಿದ್ದ ಮಡಕೆ ಬೆವರೀತೆಂದು ಚಿಂತಿಸುವ ಮನುಷ್ಯ, ತನ್ನ ಬೆನ್ನಿನ ಬೆವರು ಒರೆಸಿಕೊಳ್ಳಲು ಒಂದು ಟವೆಲನ್ನಾದರೂ ನೆನಪಿಟ್ಟು ಒಯ್ಯುತ್ತಿರಲಿಲ್ಲ.

ಫೋನು ಮಾಡಿದವಳು ನಕಾಶೆಯಮ್ಮ. ತಮ್ಮನ ಜೊತೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದ ಹೆಂಗಸು. ಅವನು ನಡೆದು ಹುಡುಕಿದ್ದನ್ನೆಲ್ಲ ನಕಾಶೆಯ ಮೇಲೆ ಬರೆಯುವುದು ಅವಳ ಕೆಲಸ. ಅದಕ್ಕೇ ಆ ಹೆಸರು.

"ಅಕ್ಕಾ," ಎಂದಳು.

"ಹೇಳಮ್ಮ. ಚೀಲ ಸಾಲದೆ ಬಂತಾ?"

"ಅಕ್ಕಾ, ಮೇಷ್ಟ್ರು... ಹೊಲದಲ್ಲಿ ಸಾಲಿನ ಕೊನೆವರೆಗೂ ನಡೆದ್ರು. ಬೂಟಿನ ದಾರ ಕಟ್ಟಿಕೊಳ್ತೀನಿ ಅಂತ ಕೂತ್ರು. ನಾವು ಹತ್ರ ಹೋಗೋಷ್ಟರಲ್ಲಿ..."

ಹೊಲಿಗೆ ಯಂತ್ರದ ಸೂಜಿ ಬಟ್ಟೆಯೊಳಗೆ ಅರ್ಧ ಇಳಿದು ನಿಂತಿತ್ತು. ಅವಳ ಬಾಯಿಂದ ಬಂದದ್ದು ಒಂದೇ ಮಾತು: "ಊಟ ಮಾಡಿದ್ನಾ?"

"ಮಾಡಿದ್ರು ಅಕ್ಕಾ. ಹೊಟ್ಟೆ ತುಂಬ ಮಾಡಿದ್ರು."

ಸುಳ್ಳೋ ನಿಜವೋ, ಆ ಹೊತ್ತಿಗೆ ಅಷ್ಟು ಹೇಳಿದ್ದಕ್ಕೆ ಆ ಹೆಂಗಸಿನ ಹೊಟ್ಟೆ ತಣ್ಣಗಿರಲಿ ಎಂದು ಅಕ್ಕ ಆಮೇಲೆ ಎಷ್ಟೋ ಸಲ ಹರಸಿದ್ದುಂಟು.

ಊರಲ್ಲಿದ್ದಾಗ ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತಿದ್ದ ತಮ್ಮನನ್ನು ಬೀದಿಯವರು ಬೋಕಿ ಮೇಷ್ಟ್ರು ಎನ್ನುತ್ತಿದ್ದರು. ಅವನು ಪ್ರಾಚೀನ ಜನ ಎಲ್ಲಿ ಮನೆ ಮಾಡಿದರು, ಎಲ್ಲಿ ಮಾಡಲಿಲ್ಲ, ಯಾಕೆ ಎಂದು ಹುಡುಕುವವನು. ಅದಕ್ಕೆ ಅವನು ಕಂಡುಕೊಂಡ ದಾರಿ ಅಗೆಯುವುದಲ್ಲ, ನಡೆಯುವುದು. ಉತ್ತು ಬಿಟ್ಟ ಹೊಲದಲ್ಲಿ ನಾಲ್ಕಾರು ಜನ ತೋಳಳತೆಗಿಂತ ತುಸು ದೂರ ದೂರ ನಿಂತು, ತಲೆ ತಗ್ಗಿಸಿ, ಒಂದೇ ಹದದಲ್ಲಿ ಹೆಜ್ಜೆ ಹಾಕುತ್ತ ಹೋಗಬೇಕು. ನೆಲದ ಮೇಲೆ ಕಂಡ ಬೋಕಿಯ ಪಕ್ಕ ಪುಟ್ಟ ಬಾವುಟ ನೆಡಬೇಕು. ಕೊನೆಗೆ ತಿರುಗಿ ನೋಡಿದರೆ ಬಾವುಟಗಳು ಎಲ್ಲಿ ಗುಂಪುಗೂಡಿವೆಯೋ ಅಲ್ಲೊಂದು ಚುಕ್ಕೆ; ಎಲ್ಲಿ ಇಲ್ಲವೋ ಅಲ್ಲಿ ಬರೀ ಕಾಗದ.

"ಜನ ಆಕಾಶ ನೋಡಿ ದೇವರನ್ನ ಹುಡುಕ್ತಾರೆ, ನೀನು ನೆಲ ನೋಡಿ ಯಾರನ್ನ ಹುಡುಕ್ತೀಯೋ?" ಎಂದು ಅಕ್ಕ ರೇಗಿಸುತ್ತಿದ್ದಳು.

"ಹೊಟ್ಟೆಪಾಡಿನವರನ್ನ ಅಕ್ಕ. ಮಡಕೆ ಒಡೆದದ್ದಕ್ಕೆ ಅಕ್ಕನ ಕೈಲಿ ಬೈಸಿಕೊಂಡವರನ್ನ."

ಅವನಿಗೆ ಹೆಸರು ತಂದದ್ದು ಒಂದು ನಕಾಶೆ. ದೊಡ್ಡ ನದಿಯೊಂದರ ಕಣಿವೆ. ಹೊಳೆ ತಿರುಗುವ ಕಡೆ ಒಂದು ದಿಬ್ಬ. ಹಿಂದಿನ ಕಾಲದ ಊರು ಅಲ್ಲೇ ಇತ್ತು, ಜನ ಎಲ್ಲ ಅಲ್ಲೇ ಒತ್ತಾಗಿ ಬದುಕುತ್ತಿದ್ದರು ಎಂದು ಹಿರಿಯ ವಿದ್ವಾಂಸರೆಲ್ಲ ನಂಬಿದ್ದರು. ತಮ್ಮ ಹೋಗಿ ಸುತ್ತಲಿನ ಹೊಲಗಳನ್ನೆಲ್ಲ ನಡೆದ. ನೋಡಿದರೆ ಕಣಿವೆಯ ತುಂಬ ಅಲ್ಲೊಂದು ಇಲ್ಲೊಂದು ಬೋಕಿಯ ಗುಂಪು. ದಿಬ್ಬದಲ್ಲಿ ಇದ್ದವರು ಕೆಲವೇ ಜನ; ಉಳಿದವರೆಲ್ಲ ತಂತಮ್ಮ ಹೊಲದ ನಡುವೆ ಒಂಟಿ ಮನೆ ಕಟ್ಟಿಕೊಂಡು, ನೆರೆಯವರ ಹಂಗಿಲ್ಲದೆ ಇದ್ದವರು ಎಂದು ಬರೆದ. ದೊಡ್ಡ ಗದ್ದಲವಾಯಿತು. ಆಮೇಲೆ ಎಲ್ಲರೂ ಒಪ್ಪಿದರು. ಒಂಟಿ ಮನೆಗಳ ನಕಾಶೆ ಎಂದೇ ಅದಕ್ಕೆ ಹೆಸರಾಯಿತು.

ಅಕ್ಕನಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. "ಕಾಡುಮೃಗ ಇದ್ದ ಕಾಲ. ಹೆರಿಗೆ, ಜ್ವರ ಅಂದ್ರೆ ಕೂಗಿದ್ರೆ ಕೇಳೋರು ಬೇಡ್ವಾ? ನೀನು ಮದುವೆಯಾಗದೆ ಡೇರೆಯಲ್ಲಿ ಬಿದ್ದಿರ್ತೀಯ ಅಂತ ಲೋಕವೆಲ್ಲ ಹಾಗೇ ಇತ್ತು ಅನ್ನೋದಾ?"

ತಮ್ಮ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಕೆಲವು ವರ್ಷಗಳ ಹಿಂದೆ, ಇದೇ ಮಾತಿಗೆ ಅವನು ನಗದೆ ಕಿಟಕಿಯ ಕಡೆ ನೋಡುತ್ತ ಕೂತುಬಿಟ್ಟದ್ದನ್ನು ಅಕ್ಕ ಗಮನಿಸಿದ್ದಳು. ಅದಾದ ಸ್ವಲ್ಪ ದಿನಕ್ಕೆ ಅವನು ಕುಂಬಾರನೊಬ್ಬನ ಹತ್ತಿರ ಸುಡುವಾಗ ಸೀಳು ಬಿಟ್ಟ ಬೂದು ಬಣ್ಣದ ಕುಂಡಗಳನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದ. ಅಂಗಳದಲ್ಲಿ ಕೂತು ಸುತ್ತಿಗೆಯಿಂದ ಎಲ್ಲವನ್ನೂ ಒಡೆದ. ಚೂರುಗಳನ್ನು ಅಡುಗೆಮನೆಯ ಬಾಗಿಲ ಹಿಂದೆ ರಾಶಿ ಹಾಕಿದ.

"ಅಕ್ಕ, ನೀನು ಸಿಪ್ಪೆ, ಬೂದಿ ತಿಪ್ಪೆಗುಂಡಿಗೆ ಹಾಕುವಾಗಲೆಲ್ಲ ಇದರಲ್ಲಿ ಒಂದೆರಡು ಚೂರು ಸೇರಿಸಿ ಹಾಕು."

"ಹುಚ್ಚು ಹಿಡೀತಾ? ಯಾಕೆ?"

"ಯಾಕೆ ಅಂತ ಕೇಳಬೇಡ. ಹೇಳಿದ್ರೆ ಕೆಟ್ಟುಹೋಗುತ್ತೆ. ತರಕಾರಿಯವನಿಗೂ ಹೇಳಬೇಡ."

ತರಕಾರಿಯವನು ಎಂದರೆ ಮನೆಯ ಹಿಂದಿನ ತುಂಡು ಜಮೀನಿನಲ್ಲಿ ತರಕಾರಿ ಬೆಳೆಯುವವನು. ಅವನ ಎರಡು ಹಸುವಿನ ಸಗಣಿ, ಅಕ್ಕನ ಮನೆಯ ಕಸ ಎರಡೂ ಒಂದೇ ತಿಪ್ಪೆಗೆ ಬೀಳುತ್ತಿದ್ದವು. ಕೊಳೆತ ಮೇಲೆ ಅವನು ಬುಟ್ಟಿಯಲ್ಲಿ ಹೊತ್ತು ಜಮೀನಿಗೆ ಚೆಲ್ಲುತ್ತಿದ್ದ. ಅಕ್ಕ ಬೈಯುತ್ತಲೇ ತಮ್ಮ ಹೇಳಿದಂತೆ ಮಾಡಿದಳು. ರಾಶಿ ಮುಗಿದಾಗ ಅವನು ಮತ್ತೆ ಕುಂಡ ತಂದು ಒಡೆದ. ಯಾಕೆ ಎಂಬ ಪ್ರಶ್ನೆ ಅವಳ ನಾಲಿಗೆಯ ತುದಿಯಲ್ಲೇ ವರ್ಷಗಟ್ಟಲೆ ಕೂತಿತ್ತು. ಈಗ ಉತ್ತರ ಹೇಳಬೇಕಾದವನನ್ನು ಮಣ್ಣು ಮಾಡಿ ಬಂದಾಗಿತ್ತು.

ಮಣ್ಣಿನ ಕೆಲಸವೆಲ್ಲ ಮುಗಿದು ಬಂದವರು ಹೋದ ಮೇಲೆ ಒಂದು ಬೆಳಿಗ್ಗೆ ನಕಾಶೆಯಮ್ಮ ಬಂದಳು. ಕೈಯಲ್ಲಿ ಉದ್ದನೆಯ ಕೊಳವೆ. ಒಳಗೆ ಸುತ್ತಿಟ್ಟ ನಕಾಶೆ. ಹೊಲಿಗೆಯ ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ಕತ್ತರಿ, ದಾರದ ಉಂಡೆ, ಇಸ್ತ್ರಿ ಪೆಟ್ಟಿಗೆ, ತನ್ನ ಕನ್ನಡಕ ಇಟ್ಟಳು.

"ಮೇಷ್ಟ್ರ ನೆನಪಿಗೆ ಪುಸ್ತಕ ತರ್ತಾ ಇದ್ದಾರೆ ಅಕ್ಕಾ. ಇದೇ ಮೊದಲ ಪುಟ. ನಮ್ಮ ಕಚೇರಿಯ ಮುಖ್ಯಸ್ಥರು ಹೇಗಿದೆಯೋ ಹಾಗೇ ಅಚ್ಚು ಹಾಕಿಸೋಣ ಅಂತಾರೆ. ಬದಲಾಯಿಸೋದಾದ್ರೆ ಮನೆಯವರು ಒಪ್ಪಬೇಕು. ಅಂದ್ರೆ ನೀವು."

"ಬದಲಾಯಿಸೋದು ಯಾಕಮ್ಮ? ಅವನು ಬರೆದದ್ದಲ್ವಾ?"

"ಅವರಿಗೇ ಅನುಮಾನ ಬಂದಿತ್ತು ಅಕ್ಕಾ." ಅವಳು ಬೆರಳಿನಿಂದ ಒಂದೊಂದೇ ಚುಕ್ಕೆ ಮುಟ್ಟುತ್ತ ಹೋದಳು. "ಇವು ಮನೆಗಳೇ ಅಲ್ಲ, ಹೊಲಗಳು ಅಂತ. ದಿಬ್ಬದ ಊರಿನ ಜನ ಮನೆಯ ಕಸ, ಸಗಣಿ ಎಲ್ಲ ಒಂದೇ ತಿಪ್ಪೆಗೆ ಹಾಕಿದ್ರು. ಒಡೆದ ಮಡಕೇನೂ ಅದಕ್ಕೇ ಬಿತ್ತು. ಗೊಬ್ಬರದ ಬುಟ್ಟಿಯಲ್ಲಿ ಬೋಕಿಯೂ ಹೊಲಕ್ಕೆ ಹೋಯ್ತು. ನಾವು ಈಗ ಹೋಗಿ, ಆಹಾ, ಇಲ್ಲೊಂದು ಮನೆ ಇತ್ತು ಅಂತ ಚುಕ್ಕೆ ಇಟ್ಟೆವು."

ಅಕ್ಕ ಅಡುಗೆಮನೆಯ ಬಾಗಿಲ ಹಿಂದಕ್ಕೆ ನೋಡಿದಳು. ಅಲ್ಲಿ ಬೂದು ಬಣ್ಣದ ಚೂರುಗಳು ಇನ್ನೂ ಒಂದು ಮೊರದಷ್ಟು ಉಳಿದಿದ್ದವು. "ಹಾಗಾದ್ರೆ ನಾನು ತಿಪ್ಪೆಗೆ ಹಾಕಿದ್ದು..."

"ಅದೇ ಪರೀಕ್ಷೆ. ಒಂದೇ ಒಂದು ಗಂಟು ಬಿಚ್ಚಿರಲಿಲ್ಲ ಅಕ್ಕಾ. ಗೊಬ್ಬರದ ಜೊತೆ ಹೋದ ಚೂರು ಹೊಲದ ತುಂಬ ಸಮವಾಗಿ ಹರಡಬೇಕು. ಆದ್ರೆ ಕಣಿವೆಯಲ್ಲಿ ನಮಗೆ ಸಿಕ್ಕಿದ್ದು ಗುಂಪು ಗುಂಪು. ಹರಡಿದ್ರೆ ಹೊಲ, ಗುಂಪಾದ್ರೆ ಮನೆ. ಹಾಗಿದ್ದ ಮೇಲೆ ಹಳೇ ನಕಾಶೆಯೇ ಸರಿ. ಮನೆಯೇ ಇಲ್ಲದ ಕಡೆ ಗುಂಪು ಕಂಡ್ರೆ ಮಾತ್ರ ನಕಾಶೆ ಬಿದ್ದುಹೋಗುತ್ತೆ. ಈ ಸಲ ಊರಿಗೆ ಹೋದ ಮೇಲೆ ಅಕ್ಕನ ಹಿತ್ತಿಲಲ್ಲಿ ನಡೆಯೋಣ, ತರಕಾರಿ ಕಿತ್ತು ನೆಲ ಖಾಲಿ ಇರುತ್ತೆ, ನೀನೂ ಬಾ ಅಂದಿದ್ರು. ಆ ದಿನವೇ ಅಂದಿದ್ರು."

ಅಕ್ಕ ನಕಾಶೆಯ ಚುಕ್ಕೆಗಳ ಮೇಲೆ ಕೈಯಾಡಿಸಿದಳು. ಅವಳು ದೈವಭಕ್ತೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ಕಲಿತವಳು. ಬಾಳಿನಲ್ಲಿ ತಮ್ಮ ಕಟ್ಟಿದ್ದು ಇದೊಂದೇ, ಮನೆಯಿಲ್ಲ, ಮಕ್ಕಳಿಲ್ಲ. ಆ ಒಂದನ್ನೂ ಅವನ ಹೆಸರಿನ ಪುಸ್ತಕದಲ್ಲೇ ಕೆಡವುವುದೇ? ಅಲ್ಲದೆ ಕೆಡವಿದ್ದು ಯಾರು ಎಂದರೆ, ಒಡಹುಟ್ಟಿದ ಅಕ್ಕ! ಇನ್ನೊಂದು ಕಡೆ, ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಹೋದವನಿಗೆ ಅಲ್ಲಿ ನೆಮ್ಮದಿ ಇದ್ದೀತೇ? ಚಿಕ್ಕಂದಿನಲ್ಲಿ ಒಂದು ಒಗಟಿಗೆ ಉತ್ತರ ಹೇಳದೆ ದೀಪ ಆರಿಸಿದರೆ ಹಾಸಿಗೆಯ ಮೇಲೆ ಎದ್ದು ಕೂತುಬಿಡುತ್ತಿದ್ದ ಹುಡುಗ ಅವನು.

"ನಡಿ, ನಡೆದೇ ನೋಡೋಣ," ಎಂದಳು. ಒಳಗೊಳಗೇ ಮಾತ್ರ, ದೇವರೇ, ಎಲ್ಲ ಕಡೆ ಹರಡಿಯೇ ಇರಲಿ, ಅವನ ನಕಾಶೆ ಉಳಿಯಲಿ ಎಂದು ಬೇಡಿಕೊಂಡಳು.

ಬಾವುಟ ತಂದಿರಲಿಲ್ಲ. ಅಕ್ಕ ಉಳಿದ ಪರದೆಯ ಬಟ್ಟೆಯನ್ನು ಸಣ್ಣ ತುಂಡು ಮಾಡಿ ಕಡ್ಡಿಗಳಿಗೆ ಕಟ್ಟಿಕೊಟ್ಟಳು. ಇಬ್ಬರೂ ಜಮೀನಿನ ಬದಿಯಲ್ಲಿ ನಿಂತರು.

"ಮಾತಾಡಬಾರದು ಅಕ್ಕಾ. ಮಾತಾಡಿದ್ರೆ ಕಣ್ಣು ತಪ್ಪುತ್ತೆ. ಬೇಗ ನಡೀಬಾರದು, ನಿಧಾನಾನೂ ಮಾಡಬಾರದು."

"ಹಾಗಾದ್ರೆ ನಿಮ್ಮ ಮೇಷ್ಟ್ರು ನನ್ನನ್ನ ಯಾಕೆ ಒಂದು ಸಲವೂ ಕರಕೊಂಡು ಹೋಗಲಿಲ್ಲ ಅಂತ ಈಗ ಗೊತ್ತಾಯ್ತು."

ನಕಾಶೆಯಮ್ಮ ನಕ್ಕಳು, ನಕ್ಕವಳೇ ಕಣ್ಣೊರೆಸಿಕೊಂಡಳು.

ಅಕ್ಕ ದಿನಾ ಕಿಟಕಿಯಿಂದ ನೋಡುತ್ತಿದ್ದ ನೆಲವೇ ಅದು. ಆದರೆ ಹೀಗೆ ತಲೆ ತಗ್ಗಿಸಿ ನಡೆದಾಗ ಅದು ಬೇರೆಯೇ ಆಯಿತು. ಕೆಂಪು ಮಣ್ಣಿನಲ್ಲಿ ಬೇರಿನ ತುಂಡು, ಬಸವನಹುಳುವಿನ ಚಿಪ್ಪು, ಒಂದು ಗುಂಡಿ. ಆ ಗುಂಡಿಯನ್ನು ಅವಳು ಗುರುತಿಸಿದಳು, ಯಾರದೋ ಅಂಗಿಗೆ ಹಾಕಲು ತಂದು ಕಳೆದು ಮನೆಯೆಲ್ಲ ತಡಕಾಡಿದ್ದ ಗುಂಡಿ. ಅಡುಗೆಮನೆಯಿಂದ ಇಷ್ಟು ದೂರ! ಆಮೇಲೆ ಒಂದು ಬೂದು ಚೂರು, ಉಗುರಿನಷ್ಟು, ಅಂಚು ಸವೆದದ್ದು. ಬಾವುಟ ನೆಟ್ಟಳು. ಮುಂದೆ ಇನ್ನೊಂದು. ಮಗದೊಂದು. ನಡೆಯುತ್ತ ಹೋದಂತೆ ಅವಳಿಗೆ ತಮ್ಮನ ಬೆನ್ನು ಯಾಕೆ ಬಾಗಿತ್ತು, ಬಿಸಿಲು ಯಾಕೆ ಲೆಕ್ಕಕ್ಕಿರಲಿಲ್ಲ ಎಂಬುದು ಮೈಗೇ ತಿಳಿಯಿತು. ಮುಂದಿನ ಹೆಜ್ಜೆಯಲ್ಲಿ ಏನಿದೆಯೋ ಎಂಬುದು ಕಾಲನ್ನು ಎಳೆಯುತ್ತದೆ.

ಚೂರುಗಳು ಸಮವಾಗಿಯೇ ಹರಡಿದ್ದವು. ಬಿತ್ತಿದ ಹಾಗೆ. ನಕಾಶೆ ಉಳಿಯಿತು ಎಂದುಕೊಂಡಳು ಅಕ್ಕ.

ಅಷ್ಟರಲ್ಲಿ ಕೊನೆಯ ಮೂಲೆ ಬಂತು. ಬೇಲಿಯ ಬುಡದಲ್ಲಿ ಒಣಗಿದ ಬಳ್ಳಿ ಮುಚ್ಚಿಕೊಂಡ ಜಾಗ. ಬಳ್ಳಿಯನ್ನು ಚಪ್ಪಲಿಯಿಂದ ಸರಿಸಿದರೆ, ಕೆಳಗೆ ಬೂದು ಬೋಕಿಗಳ ದಟ್ಟ ಗುಂಪು. ಅಂಗೈಯಷ್ಟು ದೊಡ್ಡವು, ಅಂಚು ಹರಿತವಾಗಿಯೇ ಇದ್ದವು. ತಮ್ಮನ ಲೆಕ್ಕದಲ್ಲಿ ಅದು ಮನೆ. ಅಲ್ಲಿ ಯಾವ ಕಾಲಕ್ಕೂ ಮನೆ ಇರಲಿಲ್ಲ.

ನಕಾಶೆಯಮ್ಮ ಇನ್ನೊಂದು ತುದಿಯಲ್ಲಿ ಬೆನ್ನು ತಿರುಗಿಸಿ ಬಾವುಟ ನೆಡುತ್ತಿದ್ದಳು. ಬಳ್ಳಿಯನ್ನು ಮತ್ತೆ ಮೊದಲಿನಂತೆ ಎಳೆದುಬಿಟ್ಟರೆ ಸಾಕು. ಕಾಲಿನ ಒಂದು ಒದೆತದ ಕೆಲಸ. ತಿಪ್ಪೆ ಸಾರಿಸುವುದು ಎಂದು ಜನ ಹೇಳುವುದು ಇದಕ್ಕೇ ಇರಬೇಕು. ಅಕ್ಕನ ಕಾಲು ಬಳ್ಳಿಯ ಮೇಲೆಯೇ ಇತ್ತು. ದೇವರೂ ನೋಡುತ್ತಿದ್ದ, ಆದರೆ ಆ ಗಳಿಗೆಯಲ್ಲಿ ಅವಳನ್ನು ತಡೆದದ್ದು ದೇವರ ಭಯಕ್ಕಿಂತ ಹೆಚ್ಚಾಗಿ ಬೇರೊಂದು. ಈ ಚೂರುಗಳನ್ನೆಲ್ಲ ತಿಪ್ಪೆಗೆ ಹಾಕಿದವಳು ತಾನು. ಎಲ್ಲ ಒಂದೇ ಬುಟ್ಟಿಯಲ್ಲಿ ಬಂದವು. ಮತ್ತೆ ಇವು ಇಲ್ಲಿ ಹೇಗೆ ಕೂಡಿದವು? ದೊಡ್ಡವು ದೊಡ್ಡವೇ ಯಾಕೆ? ಹಾಗೇ ಮುಚ್ಚಿಬಿಟ್ಟರೆ ತನಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ. ತಮ್ಮನ ರೋಗ ಅವಳಿಗೂ ಅಂಟಿತ್ತು.

"ಏ ನಕಾಶೆಯಮ್ಮಾ! ಇಲ್ಲಿ ಬಾ! ಇಲ್ಲೊಂದು ಮನೆ ಸಿಕ್ಕಿದೆ!"

ನಕಾಶೆಯಮ್ಮ ಓಡಿ ಬಂದಳು. ನೋಡಿದವಳೇ ಕುಕ್ಕರುಗಾಲಲ್ಲಿ ಕೂತಳು. ಅಷ್ಟು ಹೊತ್ತಿಗೆ ತರಕಾರಿಯವನೂ ಖಾಲಿ ಬುಟ್ಟಿ ಹಿಡಿದು ಬೇಲಿ ದಾಟಿ ಬಂದ. ತನ್ನ ಜಮೀನಿನ ತುಂಬ ಪರದೆ ಬಟ್ಟೆಯ ಬಾವುಟ ಹಾರಾಡುವುದನ್ನು ಕಂಡು ಕಣ್ಣು ಬಿಟ್ಟ.

"ಏನಕ್ಕಾ ಇದು? ನನ್ನ ಜಮೀನಿಗೆ ಮದುವೆಯಾ?"

"ಅದಿರಲಿ. ಈ ಮೂಲೆಗೆ ಈ ಚೂರು ಹೇಗೆ ಬಂತಪ್ಪಾ?"

ಅವನ ಮುಖ ಸಪ್ಪಗಾಯಿತು. "ಮೇಷ್ಟ್ರದ್ದಾ ಅದು? ನಂಗೆ ಗೊತ್ತಿರಲಿಲ್ಲ ಅಕ್ಕಾ. ಗೊಬ್ಬರದಲ್ಲಿ ಬರ್ತಾ ಇತ್ತು. ಸಣ್ಣದು ಹಾಳಾಗಲಿ ಅಂತ ಬಿಟ್ಟೆ. ದೊಡ್ಡದು ಕಾಲಿಗೆ ಚುಚ್ಚೋದು. ಕೈಗೆ ಸಿಕ್ಕಿದ್ದನ್ನೆಲ್ಲ ಆರಿಸಿ ಈ ಮೂಲೆಗೆ ಎಸೀತಿದ್ದೆ. ಏನಾದ್ರೂ ಹಾಳು ಮಾಡಿಬಿಟ್ನಾ?"

ನಕಾಶೆಯಮ್ಮ ನೆಲದಿಂದ ತಲೆಯೆತ್ತಿ ಅವನನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. "ಅಂಗಾಲು! ಅಯ್ಯೋ ಮೇಷ್ಟ್ರೇ, ಅಂಗಾಲು! ಕಣಿವೆ ತುಂಬ ನಾವು ಮನೆ ಅಂತ ಬರೆದದ್ದು ಯಾರ‍್ಯಾರದೋ ಅಂಗಾಲಿನ ಗಾಯ!"

"ನನ್ನ ಅಂಗಾಲಿಗೆ ಮನೆ ಅಂತ ಬರೀತೀರಾ?" ಎಂದ ತರಕಾರಿಯವನು, ಇವರಿಬ್ಬರಿಗೂ ದುಃಖದಿಂದ ತಲೆ ಕೆಟ್ಟಿರಬೇಕೆಂದು ಅನುಮಾನಿಸುತ್ತ. "ಹಾಗಾದ್ರೆ ಬಾಗಿಲು ದೊಡ್ಡದಾಗಿ ಇಡ್ರಮ್ಮ. ಬುಟ್ಟಿ ಒಳಗೆ ಹೋಗಬೇಕು."

ಅಕ್ಕನಿಗೂ ನಗು ಬಂತು. ತಮ್ಮ ಹೋದ ಮೇಲೆ ಅದೇ ಮೊದಲು.

ಆದರೂ ಒಂದು ಹಿತ್ತಿಲಿನ ಮಾತು ಕೇಳಿ ಇಡೀ ಕಣಿವೆಯನ್ನು ಕೆಡವುವುದು ಸರಿಯಲ್ಲ ಎಂದು ನಕಾಶೆಯಮ್ಮನೇ ಹೇಳಿದಳು. ಮರುದಿನ ಇಬ್ಬರೂ ಕಚೇರಿಯ ಉಗ್ರಾಣಕ್ಕೆ ಹೋದರು. ನೆಲಮಾಳಿಗೆಯ ಉದ್ದನೆಯ ಕೋಣೆ. ಗೋಡೆಯಿಂದ ಗೋಡೆಗೆ ಮರದ ಹಲಗೆಗಳು, ಹಲಗೆಗಳ ಮೇಲೆ ಚೀಲಗಳು. ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಎಲ್ಲ ಅವಳ ಕೈಯ ಹೊಲಿಗೆ. ಇದು ಗಂಡ ಬದುಕಿದ್ದಾಗ ಹಾಕುತ್ತಿದ್ದ ಪಟ್ಟೆ ಅಂಗಿ. ಇದು ಮಗಳ ಶಾಲೆಯ ಸಮವಸ್ತ್ರ. ಇದು ದಿಂಬಿನ ಚೀಲ, ಇದು ಅಮ್ಮನ ಹೊದಿಕೆ. ತನ್ನ ಮನೆಯ ಬಟ್ಟೆಯೆಲ್ಲ ಹರಿದು, ಚೂರಾಗಿ, ಇಲ್ಲಿ ಬಂದು ಊರು ಕಟ್ಟಿಕೊಂಡಿತ್ತು.

ಒಂದೊಂದು ಚುಕ್ಕೆಯ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದರು. ಮನೆ ಎಂದ ಮೇಲೆ ಒಲೆಗುಂಡು ಬೇಕು, ಬೀಸುವ ಕಲ್ಲಿನ ತುಂಡಾದರೂ ಬೇಕು, ಸುಟ್ಟ ನೆಲದ ಹೆಂಟೆ ಬೇಕು. ದಿಬ್ಬದ ಚೀಲಗಳಲ್ಲಿ ಅವೆಲ್ಲ ಇದ್ದವು. ಒಂಟಿ ಮನೆಗಳ ಚೀಲಗಳಲ್ಲಿ ಬರೀ ಬೋಕಿ. ಇನ್ನೊಂದು, ಇನ್ನೊಂದು, ಬರೀ ಬೋಕಿ. "ಒಲೆಯಿಲ್ಲದ ಮನೆ ಎಂಥದು?" ಎಂದು ಅಕ್ಕ ಗೊಣಗಿದಳು. "ಅದನ್ನೇ ಅಕ್ಕಾ, ಮೇಷ್ಟ್ರು ಕೊನೆಕೊನೆಗೆ ಕೇಳ್ತಾ ಇದ್ದದ್ದು," ಎಂದಳು ನಕಾಶೆಯಮ್ಮ.

ಪಟ್ಟೆ ಅಂಗಿಯ ಚೀಲವೊಂದು ಮಾತ್ರ ಎತ್ತಿದಾಗ ಭಾರವಾಗಿತ್ತು. ಒಳಗೆ ಮಸಿ ಹಿಡಿದ ಒಲೆಗುಂಡಿನ ಮೂರು ಚೂರು, ಬಳಸಿ ಬಳಸಿ ನಡುವೆ ತಗ್ಗಾದ ಅರೆಯುವ ಕಲ್ಲಿನ ಒಂದು ತುಂಡು. ನದಿಯ ಆಚೆ ದಡದಲ್ಲಿ ಸಿಕ್ಕಿದ್ದು. ಅದು ನಿಜವಾಗಿಯೂ ಮನೆ, ನಿಜವಾಗಿಯೂ ಒಂಟಿ. ಯಾರು ಅಲ್ಲಿದ್ದರು, ಊರಿನವರೊಡನೆ ಮುನಿದು ಹೋದರೋ, ದೋಣಿ ನಡೆಸುವವರೋ? ಇಬ್ಬರೂ ಬಹಳ ಹೊತ್ತು ಊಹೆ ಮಾಡಿದರು. ಯಾವುದೂ ಗಟ್ಟಿಯಾಗಿ ನಿಲ್ಲಲಿಲ್ಲ. ಒಂದು ಒಗಟು ಉಳಿಯಿತಲ್ಲ ಎಂದು ಅಕ್ಕನಿಗೆ ಯಾಕೋ ಸಮಾಧಾನವೇ ಆಯಿತು.

ಮುಖ್ಯಸ್ಥರು ಫೋನಿನಲ್ಲಿ ಒಪ್ಪಲಿಲ್ಲ. "ನೋಡಿ ಅಮ್ಮಾ, ನೆನಪಿನ ಪುಸ್ತಕ. ಅದರಲ್ಲೇ ಅವರ ತಪ್ಪು ಹೇಳೋದು ಅಂದ್ರೆ, ಜನ ಏನಂದಾರು? ಇಷ್ಟು ವರ್ಷ ಬೆಟ್ಟ ಅಗೆದು ಇಲಿ ಹಿಡಿದ್ರು ಅಂತ ನಗ್ತಾರೆ."

"ಇಲಿ ಇದ್ದದ್ದೇ ಆದ್ರೆ ಇಲಿ ಅಂತಲೇ ಹೇಳಬೇಕಲ್ವಾ?" ಎಂದಳು ಅಕ್ಕ. "ಸ್ವಾಮಿ, ತಪ್ಪು ಹುಡುಕಿದ್ದು ನಾನಲ್ಲ, ನಕಾಶೆಯಮ್ಮನೂ ಅಲ್ಲ. ಅವನೇ. ಕುಂಡ ಒಡೆದವನು ಅವನು. ನಾವು ಬಾವುಟ ನೆಟ್ಟವರು ಅಷ್ಟೆ. ಹೊಸ ನಕಾಶೆಯೂ ಅವನದೇ. ಹಾಗಂತಲೇ ಅಚ್ಚು ಹಾಕಿಸಿ. ಮನೆಯವರ ಒಪ್ಪಿಗೆ ಇದೆ."

ಮುಖ್ಯಸ್ಥರು ಕೊನೆಗೂ ಒಪ್ಪಿ ಅಚ್ಚು ಹಾಕಿಸಿದ ಹೊಸ ನಕಾಶೆ ಬಂದಾಗ ಅಕ್ಕ ಅದನ್ನು ಹೊಲಿಗೆಯ ಮೇಜಿನ ಮೇಲೆ ಬಿಡಿಸಿ ನೋಡಿದಳು. ಚುಕ್ಕೆಗಳೆಲ್ಲ ಹೋಗಿ ಆ ಜಾಗದಲ್ಲಿ ತೆಳುವಾದ ಹಸಿರು. ಹೊಲಗಳು. ಹೊಳೆ ತಿರುಗುವ ಕಡೆ ಒಂದು ದೊಡ್ಡ ಊರು. ಊರಿನಿಂದ ಹೊಲಕ್ಕೆ ಸಣ್ಣ ಸಣ್ಣ ಗೀರು, ಬುಟ್ಟಿ ಹೊತ್ತವರು ಬೆಳಿಗ್ಗೆ ಹೋಗಿ ಸಂಜೆ ಮರಳಿದ ದಾರಿಗಳು. ಆಚೆ ದಡದಲ್ಲಿ ಮಾತ್ರ ಒಂದೇ ಒಂದು ಚುಕ್ಕೆ. ಜನ ಒಂಟಿಯಾಗಿರಲಿಲ್ಲ. ಬಾಗಿಲಿಗೆ ಬಾಗಿಲು ತಾಗಿಸಿ, ಒಬ್ಬರ ಹೊಗೆ ಇನ್ನೊಬ್ಬರ ಕಣ್ಣಿಗೆ ಹೋಗುವಂತೆ, ಜಗಳವಾಡುತ್ತ, ಮಡಕೆ ಒಡೆದದ್ದಕ್ಕೆ ಬೈಯುತ್ತ, ಒಂದೇ ಕಡೆ ಇದ್ದರು. ತಾನು ಅಂದದ್ದೇ ಸರಿಯಾಯಿತು ಎಂದು ತಮ್ಮನನ್ನು ರೇಗಿಸಬೇಕೆನಿಸಿತು. ರೇಗಿಸಲು ಮೇಲಿನ ಕೋಣೆಯಲ್ಲಿ ಅವನಿರಲಿಲ್ಲ.

ಅವಳು ಯಂತ್ರದಲ್ಲಿ ಅರ್ಧಕ್ಕೆ ನಿಂತಿದ್ದ ಚೀಲದ ಹೊಲಿಗೆ ಮುಗಿಸಿದಳು. ಬಾಯಿಗೆ ದಾರ ಪೋಣಿಸಿದಳು. ಬಾಗಿಲ ಹಿಂದೆ ಉಳಿದಿದ್ದ ಬೂದು ಚೂರೊಂದನ್ನು ಅದರಲ್ಲಿ ಹಾಕಿ ಕಟ್ಟಿ, ದೇವರ ದೀಪದ ಮುಂದೆ ಇಟ್ಟು, ಕೈಮುಗಿದು ನಿಂತಳು.

ದೇವರೇ, ಜನ ಎಲ್ಲಿದ್ದರು, ಹೇಗಿದ್ದರು ಎಂದು ಬದುಕೆಲ್ಲ ನಡೆದು ನಡೆದು ಕೇಳಿದವನು ನಿನ್ನ ಬಳಿಗೆ ಬಂದಿದ್ದಾನೆ. ಅವನ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು ಎಂದು ತಿಳಿಸು. ಒಂದು ಉಳಿದಿದೆ, ಆಚೆ ದಡದ್ದು; ಅದನ್ನು ನೀನೇ ಅವನಿಗೆ ಹೇಳು, ಇಲ್ಲವಾದರೆ ಎದ್ದು ಕೂತುಬಿಡುತ್ತಾನೆ. ಅವನ ಕಾಲುಗಳು ದಣಿದಿವೆ, ಬೂಟು ಬಿಚ್ಚಿಸು. ತಂದೆ, ಅವನನ್ನು ಒಂಟಿಯಾಗಿ ಕೂರಿಸಬೇಡ. ನಮ್ಮವರೆಲ್ಲ ಇರುವ ಬೀದಿಯಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಅವನಿಗೊಂದು ಜಾಗ ಕೊಡು. ಅವನ ಆತ್ಮ ಅಲ್ಲಿ ಶಾಂತಿಯಿಂದ ಇರಲಿ.